ಗುಳೆಯಿಂದ ಮರಳಿದವರ ಬೈಕ್ ಏಕೆ ಸ್ಟಾರ್ಟ್ ಆಗದು?

ಕೊಪ್ಪಳ: ಕಾಲುವೆ ನೀರಿನ ಗಂಗಾವತಿಯ ಮಾತು ಬೇರೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಹೋದ ಅನೇಕರು ಮುಂಗಾರಿನ ಹೊತ್ತಿಗೆ ಬಿತ್ತನೆಗೆಂದು ಊರಿಗೆ ಮರಳುತ್ತಾರೆ. ತಿಂಗಳುಗಟ್ಟಲೆ ನಿಂತ ಬೈಕ್ ಆಗಲೇ ಕೈಕೊಡುವುದು. ಹೊಸ ಬ್ಯಾಟರಿಗೆ ಹಣ ತೆರುವ ಮುನ್ನ ಹಳೆಯದನ್ನು ಪರೀಕ್ಷಿಸುವುದು ಲೇಸು.

ಬಳಸದಿದ್ದರೂ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಬೇಗ. ಬರಿದಾಗಿಯೇ ಉಳಿದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ.

ಮೊದಲು ಟರ್ಮಿನಲ್‌ಗಳ ಕಿಲುಬು ತೆಗೆದು ಬಿಗಿಗೊಳಿಸಿ, ಫ್ಯೂಸ್ ನೋಡಬೇಕು. ಮೀಟರ್ 12.6 ವೋಲ್ಟ್ ಆಸುಪಾಸು ತೋರಿದರೆ ದೋಷ ಬೇರೆಡೆ ಇರಬಹುದು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಅನಿವಾರ್ಯ. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ಅವಸರದ ಚಾರ್ಜ್ ಅದನ್ನು ಕೆಡಿಸೀತು. ಪೂರ್ಣ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟ ನಂತರವೂ 12.4 ವೋಲ್ಟ್ ನಿಲ್ಲದಿದ್ದರೆ ಬದಲಿಸುವುದೇ ಸರಿ. ನೀರು ಹಾಕುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು; ಬೋರ್‌ವೆಲ್ ನೀರಿನ ಲವಣ ಫಲಕಗಳಿಗೆ ಮಾರಕ.

ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯ ಈಗ ಎಲ್ಲೆಡೆ ನಡೆಯದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಬಳಿಕ ಬಂದ ಬಹುತೇಕ ಬೈಕ್‌ಗಳಲ್ಲಿ ಪೆಟ್ರೋಲ್ ಪಂಪಿಗೂ ವಿದ್ಯುತ್ ಬೇಕು. ಊರು ಬಿಡುವಾಗ ಪೂರ್ಣ ಚಾರ್ಜ್ ಮಾಡಿಸಿ, ಬ್ಯಾಟರಿಯ ಋಣ ತುದಿಯ ತಂತಿ ಕಳಚಿ, ಬೈಕನ್ನು ನೆರಳಿನಲ್ಲಿ ನಿಲ್ಲಿಸಿದರೆ ಈ ಖರ್ಚು ತಪ್ಪೀತು.