ಕಾಡಿನೊಳಗೆ ಉಳಿದ ಸಮಾಧಿಗಳು

ನವೆಂಬರ್ 1 ಸಕಲ ಸಂತರ ಹಬ್ಬ. ಮರುದಿನ ಮೃತರ ಸ್ಮರಣೆ. ಇದಕ್ಕೆ ಒಂದು ವಾರ ಮೊದಲೇ ನಮ್ಮ ಮನೆಗಳಲ್ಲಿ ಸಿದ್ಧತೆ ಶುರುವಾಗುತ್ತದೆ. ಸಮಾಧಿಯ ಮೇಲಿನ ಹುಲ್ಲು ಕೀಳಬೇಕು, ಶಿಲುಬೆಗೆ ಸುಣ್ಣ ಬಳಿಯಬೇಕು, ಸೇವಂತಿಗೆ ಹೂ, ಮೇಣದಬತ್ತಿ ತರಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೂ ಅಂದು ಬಸ್ಸು ಹತ್ತಿ ಬರುತ್ತಾನೆ. ಗುರುಗಳು ಬಂದು ತೀರ್ಥ ಚಿಮುಕಿಸುವವರೆಗೆ ಅಜ್ಜನ ಸಮಾಧಿ ಬಿಟ್ಟು ಯಾರೂ ಕದಲುವುದಿಲ್ಲ. ಹೀಗೆ ಹೋಗಿ ನಿಲ್ಲಲು ನಮಗೊಂದು ಜಾಗವಿದೆಯಲ್ಲ, ಅದು ಎಷ್ಟು ದೊಡ್ಡ ಭಾಗ್ಯ!

ಪ್ರಿಯ ಸಹೋದರ ಸಹೋದರಿಯರೇ, ಆ ಭಾಗ್ಯವಿಲ್ಲದ ಜನ ನಮ್ಮ ಪಕ್ಕದಲ್ಲೇ ಇದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಜೇನುಕುರುಬರನ್ನು ನೀವು ಸಂತೆಯಲ್ಲಿ, ಕಾಫಿ ತೋಟಕ್ಕೆ ಹೋಗುವ ಜೀಪಿನಲ್ಲಿ ಕಂಡಿರುತ್ತೀರಿ. ದಸರಾ ಮೆರವಣಿಗೆಯಲ್ಲಂತೂ ಖಂಡಿತ ಕಂಡಿರುತ್ತೀರಿ, ಆದರೆ ಆಗ ನಿಮ್ಮ ಕಣ್ಣು ಅಂಬಾರಿಯ ಮೇಲಿರುತ್ತದೆ. ಆನೆಯ ಕತ್ತಿನ ಮೇಲೆ ಕುಳಿತ ಮಾವುತ, ಪಕ್ಕದಲ್ಲಿ ನಡೆಯುವ ಕಾವಾಡಿ, ಇವರಲ್ಲಿ ಎಷ್ಟೋ ಮಂದಿ ಜೇನುಕುರುಬರು. ಜೇನು ಬಿಡಿಸುವುದು, ಗೆಡ್ಡೆಗೆಣಸು ಅಗೆಯುವುದು, ಆನೆ ಪಳಗಿಸುವುದು ಇವರ ಕಸುಬು. ಮನೆಮಾತು ಕನ್ನಡಕ್ಕೆ ಹತ್ತಿರದ ಜೇನುನುಡಿ. ವಾಸಕ್ಕೆ ಹಾಡಿ. ಸತ್ತವರನ್ನು ಇವರೂ ನಮ್ಮ ಹಾಗೆ ಮಣ್ಣು ಮಾಡುತ್ತಾರೆ. ಆ ಮಣ್ಣು ಇರುವುದು ನಾಗರಹೊಳೆ ಕಾಡಿನೊಳಗೆ.

ಅವರು ಹೊರಗೆ ಬಂದದ್ದು ಒಂದೇ ದಿನದಲ್ಲಿ ಅಲ್ಲ. 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆಯ ಕಾಡು ನೀರಿನಡಿ ಸೇರಿತು. 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪ್ರತಿಯೊಂದು ಹೆಜ್ಜೆಗೂ ಕೆಲವು ಹಾಡಿಗಳು ಎದ್ದವು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಕೆಲವರು ಹೋದರು, ಉಳಿದವರು ರಸ್ತೆ ಬದಿಗೆ, ತೋಟದ ಲೈನು ಮನೆಗಳಿಗೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಇಂಥ 3,418 ಕುಟುಂಬಗಳ ಲೆಕ್ಕವಿದೆ. ಹುಲಿ ಉಳಿಯಬೇಕು, ನಿಜ. ಆದರೆ ಹುಲಿಯ ಜೊತೆಗೇ ಬಾಳಿದವರು ಹೊರಗೆ, ಹುಲಿ ನೋಡಲು ಬರುವ ನಾವು ಜೀಪಿನಲ್ಲಿ ಒಳಗೆ. ಇದು ನನಗೆ ಇನ್ನೂ ಸರಿಯೆನಿಸಿಲ್ಲ.

ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯೊಡನೆ ಕಾದಾಡಿ ಸತ್ತಾಗ, ಅವನ ದೇಹವನ್ನು ಎಚ್.ಡಿ. ಕೋಟೆಯ ಬಳ್ಳೆ ಶಿಬಿರಕ್ಕೇ ತರಬೇಕಿತ್ತು, ಅಲ್ಲೇ ಸ್ಮಾರಕವಾಗಬೇಕು ಎಂದು ಜನ ಒತ್ತಾಯಿಸಿದರು. ತನ್ನ ಊರಿನ ಮಣ್ಣು ಸೇರಬೇಕೆಂಬ ಮಾತು ಆನೆಯ ವಿಷಯದಲ್ಲಿ ನಮಗೆ ತಟ್ಟನೆ ಅರ್ಥವಾಯಿತು.

ಪವಿತ್ರ ಬೈಬಲಿನಲ್ಲಿ ಇದಕ್ಕೆ ಹತ್ತಿರದ ಅಧ್ಯಾಯವೊಂದಿದೆ, ಆದಿಕಾಂಡ 23. ಸಾರಳು ತೀರಿಕೊಂಡಾಗ ಅಬ್ರಹಾಮನ ಬಳಿ ಕುರಿ, ದನ, ಬೆಳ್ಳಿ, ಬಂಗಾರ ಎಲ್ಲವೂ ಇತ್ತು, ಹೆಂಡತಿಯನ್ನು ಹೂಳಲು ಒಂದು ಗೇಣು ಜಾಗವಿರಲಿಲ್ಲ. ಪುಕ್ಕಟೆ ಕೊಡುತ್ತೇವೆಂದರೂ ಆತ ಒಪ್ಪಲಿಲ್ಲ. ಊರಿನವರೆಲ್ಲರ ಮುಂದೆ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಗವಿಯನ್ನು ಕೊಂಡ. ನಾಳೆ ಯಾರೂ ಎಬ್ಬಿಸಬಾರದಲ್ಲ! ದಾನವಾಗಿ ಅಲ್ಲ, ಹಕ್ಕಾಗಿ ಬೇಕಿತ್ತು. 2006ರ ಅರಣ್ಯ ಹಕ್ಕು ಕಾಯಿದೆಯಡಿ ಹಾಡಿಯವರು ಅರ್ಜಿ ಹಿಡಿದು ಕಚೇರಿ ಸುತ್ತುವುದೂ ಇದಕ್ಕೇ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗು ಭಾಗದ ಕರಡಿಕಲ್ಲಿನಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಹಳೆಯ ಹಾಡಿಗೆ ಮರಳಿ ಹೋಗಿ ಗುಡಿಸಲು ಕಟ್ಟಿದಾಗಲೂ, ಇದು ನಮ್ಮ ಪೂರ್ವಿಕರ ನೆಲ ಎಂಬುದೇ ಅವರ ವಾದವಾಗಿತ್ತು.

ನಾವು ಮೇಣದಬತ್ತಿ ಹಚ್ಚುವ ಈ ಹಬ್ಬದಂದೇ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಬೇರೊಂದು ಆಚರಣೆಯಿದೆ. ಅಲ್ಲಿನ ಸ್ಯಾಂಟಿಯಾಗೊ ಸಕಾಟೆಪೆಕೆಸ್ ಪಟ್ಟಣದ ಜನ ಮಾಯಾ ಮೂಲನಿವಾಸಿಗಳು. ನವೆಂಬರ್ 1ರಂದು ಬಿದಿರು, ಬಣ್ಣದ ಕಾಗದದ ಭಾರಿ ಗಾಳಿಪಟಗಳನ್ನು ಸಮಾಧಿಗಳ ನಡುವೆ ನಿಂತೇ ಹಾರಿಸುತ್ತಾರೆ, ಸತ್ತವರೊಡನೆ ಮಾತಾಡಿದಂತೆ. ಅದೇ ಸೀಮೆಯಲ್ಲಿ ಫ್ಯೂಗೊ ಎಂಬ ಜ್ವಾಲಾಮುಖಿಯಿದೆ. 2018ರ ಜೂನ್ 3ರಂದು ಅದು ಸಿಡಿದು ಊರೊಂದನ್ನು ಬೂದಿಯಲ್ಲಿ ಮುಚ್ಚಿತು. ಎಷ್ಟೋ ಮಂದಿಯ ಶವವೂ ಸಿಗಲಿಲ್ಲ. ಅಲ್ಲಿ ಬೆಟ್ಟ ಮಾಡಿದ್ದನ್ನು ಇಲ್ಲಿ ಕಾಗದಪತ್ರ ಮಾಡಿತು ಎಂದರೆ ಕಟುವಾಯಿತೇನೋ.

ಮೃತರ ಸ್ಮರಣೆ ಮುಗಿದ ಮೇಲೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹಾಡಿಯೊಂದಕ್ಕೆ ಹೋಗಿ ಬನ್ನಿ. ಮೊದಲು ಯಜಮಾನರಿಗೆ ಹೇಳಿ ಕಳುಹಿಸಿ. ಹಳೆಬಟ್ಟೆಯ ಮೂಟೆ ಬೇಡ, ಕುಣಿದು ತೋರಿಸಿ ಎಂದು ಕೇಳುವುದೂ ಬೇಡ. ಜೇನು ಮಾರುತ್ತಿದ್ದರೆ ಚೌಕಾಸಿ ಮಾಡದೆ ಕೊಳ್ಳಿ. ನಿಮ್ಮ ಹಿರಿಯರು ಎಲ್ಲಿದ್ದಾರೆ ಎಂದು ವಯಸ್ಸಾದವರೊಬ್ಬರನ್ನು ಮೆಲ್ಲಗೆ ಕೇಳಿ ನೋಡಿ. 2024ರಲ್ಲಿ ಪದ್ಮಶ್ರೀ ಪಡೆದ ಜೇನುಕುರುಬ ಸೋಮಣ್ಣನವರು ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಯವರೇ ಎಂಬುದನ್ನು ಮಕ್ಕಳಿಗೆ ದಾರಿಯಲ್ಲೇ ಹೇಳಿರಿ. ಅನುಮತಿಯಿಲ್ಲದೆ ಹುಲಿ ಯೋಜನೆಯ ಕಾಡಿನೊಳಗೆ ಹೋಗುವಂತಿಲ್ಲ, ಕಾಡಂಚಿನ ಹಾಡಿಗಳಿಗೆ ಹೋಗಬಹುದು. ಬಳ್ಳೆಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ ಆರರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಆದ್ದರಿಂದ ಮೊದಲ ಬಲಿಪೂಜೆ ಮುಗಿಸಿಯೇ ಹೊರಡುವುದು ಒಳ್ಳೆಯದು.