ಪಂಕ್ತಿಯಲ್ಲಿ ಪಕ್ಕದವರು ಯಾರು?

ತಾಳವಾಡಿ: "ಪಂದಿಕ್ಕು ಮುಂದು, ಪಡೈಕ್ಕು ಪಿಂದು." ಊಟದ ಸಾಲಿಗೆ ಮುಂದಾಗು, ಯುದ್ಧದ ಸಾಲಿಗೆ ಹಿಂದಾಗು ಎನ್ನುವ ಈ ತಮಿಳು ಗಾದೆ ಗಡಿಯ ಕನ್ನಡಿಗರಿಗೆ ಹೊಸದಲ್ಲ. ಮದುವೆ ಮನೆಯಲ್ಲಿ ಸತ್ಯಮಂಗಲದ ಕಡೆಯ ನೆಂಟರು 'ಪಂದಿ' ಎಂದರೆ, ಚಾಮರಾಜನಗರದ ಕಡೆಯ ಬೀಗರು 'ಪಂಕ್ತಿ' ಎನ್ನುತ್ತಾರೆ. ಎರಡೂ ಒಂದೇ ಮಾತು. ದೂರದ ಪಂಜಾಬಿನಲ್ಲೂ ಅದು 'ಪಂಗತ್'.

ಸಾಲಾಗಿ ಕುಳಿತು ಉಣ್ಣುವುದು ಹೊಟ್ಟೆಪಾಡಿಗಷ್ಟೇ ಅಲ್ಲ. ಯಾರ ಪಕ್ಕ ಯಾರು ಕೂರಬಹುದು, ಯಾರು ಬಡಿಸಬಹುದು, ಯಾರು ಕಡೆಯ ಪಂಕ್ತಿಗೆ ಕಾಯಬೇಕು ಎಂಬುದರಲ್ಲಿ ಊರಿನ ನಿಜವಾದ ಲೆಕ್ಕ ಗೊತ್ತಾಗುತ್ತದೆ. ಜಗತ್ತಿನ ದೊಡ್ಡ ಸಾಮೂಹಿಕ ಊಟಗಳು ಹಲವು ಈ ಲೆಕ್ಕವನ್ನು ಮುರಿಯಲೆಂದೇ ಹುಟ್ಟಿದವು. ಅಂಥದ್ದೊಂದು ನಮ್ಮ ನೆರೆಯಲ್ಲೇ ಇದೆ.

ಚಿಕ್ಕಲ್ಲೂರಿನ ಪಂಕ್ತಿ ಸೇವೆ

ಚಾಮರಾಜನಗರ ದಾಟಿ ಕೊಳ್ಳೇಗಾಲದ ಸೀಮೆಗೆ ಹೋದರೆ ಚಿಕ್ಕಲ್ಲೂರು ಸಿಗುತ್ತದೆ. ಅಲ್ಲಿರುವುದು ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಗದ್ದುಗೆ. ಪ್ರತಿ ವರ್ಷ ಬನದ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಐದು ದಿನ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲೋತ್ಸವ, ಮೂರನೆಯ ದಿನ ಮುಡಿ ಸೇವೆ, ನಾಲ್ಕನೆಯ ದಿನ ಪಂಕ್ತಿ ಸೇವೆ.

ಆ ದಿನ ಬಯಲೆಲ್ಲ ಒಲೆಗಳೇ. ಬಿಡಾರ ಹೂಡಿದ ಕುಟುಂಬಗಳು ಬಾಡಿನ ಅಡುಗೆ ಮಾಡುತ್ತವೆ. ಸಿದ್ಧಪ್ಪಾಜಿಯ ಹೆಸರಿನಲ್ಲಿ ಎಡೆ ಇಟ್ಟ ಮೇಲೆ ಬಂಧುಗಳು, ಸ್ನೇಹಿತರು, ದಾರಿಹೋಕರು ಎಲ್ಲರೂ ಸಾಲಾಗಿ ಕೂರುತ್ತಾರೆ. ದಲಿತರು, ಉಪ್ಪಾರರು, ಒಕ್ಕಲಿಗರು ಹೀಗೆ ಹಲವು ಜಾತಿಗಳ ಒಕ್ಕಲು ಈ ಪರಂಪರೆಗಿದೆ. ಇಲ್ಲಿ ಜಾತಿ ಕೇಳಬಾರದು ಎಂಬುದೇ ನೇಮ.

ಈ ನೇಮದ ಬೇರು ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಥೆಯಲ್ಲಿದೆ. ಕಲ್ಯಾಣದಲ್ಲಿ ಬಸವಣ್ಣನ ದಾಸೋಹ ನಡೆಯುತ್ತಿರುತ್ತದೆ. ಮಂಟೇಸ್ವಾಮಿ ಮೈತುಂಬ ಗಾಯ, ಮುತ್ತುವ ನೊಣಗಳ ರೂಪದಲ್ಲಿ ಬಾಗಿಲಿಗೆ ಬರುತ್ತಾರೆ. ಕಾವಲಿನವರು ಒಳಗೆ ಬಿಡುವುದಿಲ್ಲ. ಕೊನೆಗೆ ಬಸವಣ್ಣನೇ ಬಂದು ಕರೆಯಬೇಕಾಗುತ್ತದೆ. ಎಲ್ಲರಿಗೂ ಅನ್ನ ಎನ್ನುವ ಮನೆಯ ಬಾಗಿಲಲ್ಲೂ ತಡೆಯುವವರು ಇರುತ್ತಾರೆ ಎಂಬುದು ಕಥೆಯ ಏಟು.

ಗಡಿಯ ಈಚೆ ಒಂದು, ಆಚೆ ಒಂದು

2010ರ ನಂತರದ ವರ್ಷಗಳಲ್ಲಿ ಚಿಕ್ಕಲ್ಲೂರಿನ ಪಂಕ್ತಿಗೆ ಕಾನೂನಿನ ತಕರಾರು ಬಂತು. ಕರ್ನಾಟಕದ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯ ಪ್ರಕಾರ ಜಾತ್ರೆಗೆ ಕುರಿ, ಕೋಳಿ ತರುವುದನ್ನು ಅಧಿಕಾರಿಗಳು ತಡೆಯತೊಡಗಿದರು. ದೇವರ ಮುಂದೆ ಕಡಿಯುವ ಬಲಿ ನಿಲ್ಲಬೇಕು ಎಂಬುದು ನಿಷೇಧ ಬೇಡುವವರ ವಾದ. ಗದ್ದುಗೆಯ ಮುಂದೆ ಬಲಿ ಕೊಡುವುದಿಲ್ಲ, ಬಿಡಾರದಲ್ಲಿ ಬೇಯಿಸಿ ಹಂಚಿ ಉಣ್ಣುತ್ತೇವೆ, ಇದು ನಮ್ಮ ಆಹಾರ ಎಂಬುದು ಒಕ್ಕಲಿನವರ ಉತ್ತರ.

ತಮಿಳುನಾಡಿನಲ್ಲೂ 1950ರ ಇಂಥದ್ದೇ ಕಾಯ್ದೆ ಇತ್ತು. 2003ರಲ್ಲಿ ಅದನ್ನು ಬಿಗಿಯಾಗಿ ಜಾರಿ ಮಾಡಲು ಹೊರಟಾಗ ಹಳ್ಳಿಗಳಲ್ಲಿ ವಿರೋಧ ಎದ್ದಿತು. 2004ರಲ್ಲಿ ಸರ್ಕಾರ ಕಾಯ್ದೆಯನ್ನೇ ರದ್ದು ಮಾಡಿತು. ಒಂದೇ ನೆಂಟಸ್ತನ, ಒಂದೇ ಭಾಷೆ. ಚೆಕ್‌ಪೋಸ್ಟ್ ದಾಟಿದರೆ ಹಬ್ಬದ ಊಟದ ಕಾನೂನು ಬೇರೆ!

ಪಂಜಾಬಿನಿಂದ ಚೆರಾಯಿವರೆಗೆ

ಸಿಖ್ಖರ ಲಂಗರ್ ಗುರುನಾನಕರ ಕಾಲದಿಂದ ಬಂದದ್ದು. ಮೂರನೆಯ ಗುರು ಅಮರದಾಸರು ಮೊದಲು ಪಂಗತ್, ಆಮೇಲೆ ದರ್ಶನ ಎಂದು ಕಟ್ಟುಮಾಡಿದರು. ಅಕ್ಬರ್ ಬಾದಶಹನೂ ನೆಲದ ಮೇಲೆ ಕುಳಿತು ಉಂಡನೆಂಬ ಪ್ರತೀತಿ ಇದೆ. ಅಮೃತಸರದ ಸ್ವರ್ಣಮಂದಿರದಲ್ಲಿ ಈಗಲೂ ದಿನಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಉಣ್ಣುತ್ತಾರೆ.

ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಈಳವರನ್ನೂ ಪುಲಯರನ್ನೂ ಜೊತೆಗೆ ಕೂರಿಸಿ 'ಮಿಶ್ರಭೋಜನ' ಮಾಡಿಸಿದರು. ಸ್ವಂತ ಜಾತಿಯವರೇ ಅವರನ್ನು 'ಪುಲಯನ್ ಅಯ್ಯಪ್ಪನ್' ಎಂದು ಹೀಯಾಳಿಸಿದರು. ಅವರು ಆ ಹೆಸರನ್ನು ಗೌರವವೆಂದೇ ಸ್ವೀಕರಿಸಿದರು.

ಇಥಿಯೋಪಿಯದಲ್ಲಂತೂ ಬೇರೆ ಬೇರೆ ಎಲೆಯೇ ಇಲ್ಲ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ದೊಡ್ಡ ದೋಸೆಯಂತೆ ಹುಯ್ಯುತ್ತಾರೆ. ಅದರ ಮೇಲೆ ಪಲ್ಯ, ಸಾರು ಬಡಿಸಿ ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುತ್ತಾರೆ. ಪಕ್ಕದವರ ಬಾಯಿಗೆ ತುತ್ತಿಡುವ ಪದ್ಧತಿಗೆ ಅಲ್ಲಿ 'ಗುರ್ಶಾ' ಎಂದು ಹೆಸರು.

ದಿನದಿನದ ಪಂಕ್ತಿ

ಜಾತ್ರೆ ವರ್ಷಕ್ಕೊಮ್ಮೆ. ದಿನವೂ ನಡೆಯುವ ಪಂಕ್ತಿ ನಮ್ಮ ಶಾಲೆಗಳಲ್ಲಿದೆ. ತಮಿಳುನಾಡಿನಲ್ಲಿ 1956ರಲ್ಲಿ ಕಾಮರಾಜರು ಮಧ್ಯಾಹ್ನದ ಊಟ ತಂದರು. 1982ರಲ್ಲಿ ಎಂ.ಜಿ.ಆರ್. ಅದನ್ನು ವಿಸ್ತರಿಸಿದರು. 2022ರಲ್ಲಿ ಬೆಳಗಿನ ತಿಂಡಿಯೂ ಸೇರಿತು. ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಯೋಜನೆಗೆ ಇಟ್ಟ ಹೆಸರೇ 'ಅಕ್ಷರ ದಾಸೋಹ'.

ಬಾಗಿಲು ಕಾಯುವವರು ಅಲ್ಲಿಗೂ ಬರುತ್ತಾರೆ. 2018ರಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ದಲಿತ ಮಹಿಳೆ ಅಡುಗೆ ಮಾಡಬಾರದೆಂದು ಕೆಲವು ಪೋಷಕರು ಗಲಾಟೆ ಮಾಡಿದರು. ಆಕೆಗೆ ವರ್ಗಾವಣೆಯೂ ಆಯಿತು. ಪ್ರತಿಭಟನೆ ನಡೆದ ಮೇಲೆ ಆದೇಶ ರದ್ದಾಗಿ, ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸರು ಪ್ರಕರಣ ದಾಖಲಿಸಿದರು.

ಶಾಲೆಯಲ್ಲಿ ತಟ್ಟೆ ಹಿಡಿದು ಕೂರುವ ಮಕ್ಕಳಿಗೆ ಪಕ್ಕದವರ ಜಾತಿ ಗೊತ್ತಿರುವುದಿಲ್ಲ. ಗೊತ್ತುಮಾಡಿಸುವವರು ದೊಡ್ಡವರು. ಊರ ಹಬ್ಬದಲ್ಲಿ ಎಷ್ಟು ಮೂಟೆ ಅಕ್ಕಿ ಬೆಂದಿತು ಎಂದು ಹೇಳಿಕೊಳ್ಳುತ್ತೇವೆ. ಯಾರು ಯಾರ ಪಕ್ಕ ಕುಳಿತರು ಎಂಬುದನ್ನೂ ಒಮ್ಮೆ ನೋಡಿಕೊಳ್ಳಬೇಕು. ಆ ಸಾಲು ಎಲ್ಲಿ ತುಂಡಾಗುತ್ತದೋ ಊರೂ ಅಲ್ಲೇ ಎರಡಾಗಿರುತ್ತದೆ.