ದಾಖಲಾತಿ ಪುಸ್ತಕದಲ್ಲಿ ಒಂದು ಸೀಮೆಯ ಚರಿತ್ರೆ

ಕಾಲೇಜೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸಂಸ್ಥಾಪಕರ ಭಾವಚಿತ್ರ, ಕಟ್ಟಡದ ಶಂಕುಸ್ಥಾಪನೆ, ಉನ್ನತ ಶ್ರೇಣಿ ಪಡೆದವರ ನಾಮಾವಳಿ, ಇಷ್ಟನ್ನೇ ಕಲೆಹಾಕಿ ತೃಪ್ತರಾಗುವರು; ಆದರೆ ಆ ಬಾಗಿಲನ್ನು ದಾಟಿ ಒಳಬಂದವರು ಯಾವ ಊರಿನವರು, ಯಾವ ಜಾತಿಮತಗಳವರು, ಮನೆಯಲ್ಲಿ ಯಾವ ನುಡಿಯನ್ನಾಡುತ್ತಿದ್ದವರು, ಹೆಣ್ಣುಮಕ್ಕಳು ಎಂದಿನಿಂದ ಬರತೊಡಗಿದರು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಕಚೇರಿಯ ಒಳಕೋಣೆಯಲ್ಲಿ ಧೂಳು ಹಿಡಿದಿರುವ ದಾಖಲಾತಿ ಪುಸ್ತಕಗಳಲ್ಲಿ.

ಇಂತಹ ಶೋಧನೆಗೆ ಬಳ್ಳಾರಿ-ಹೊಸಪೇಟೆಯ ಸೀಮೆಗಿಂತ ಸಮೃದ್ಧವಾದ ಕ್ಷೇತ್ರ ಅಪೂರ್ವ. 1916ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ವೀರಶೈವ ವಿದ್ಯಾವರ್ಧಕ ಸಂಘವು 1945ರಲ್ಲಿ ಆ ನಗರದಲ್ಲಿಯೂ, 1964ರಲ್ಲಿ ಹೊಸಪೇಟೆಯಲ್ಲಿಯೂ ಕಾಲೇಜುಗಳನ್ನು ತೆರೆಯಿತು. ಕನ್ನಡ, ತೆಲುಗು, ಉರ್ದು, ಮರಾಠಿ, ಲಂಬಾಣಿ ನುಡಿಗಳು ಪರಸ್ಪರ ಬೆರೆತ ನಾಡಿದು. ಸಂಡೂರಿನ ಗಣಿಯ ಕೂಲಿಕಾರನ ಮಗನೂ, ಕಂಪ್ಲಿಯ ನೀರಾವರಿ ಗದ್ದೆಯ ಒಡೆಯನ ಮಗನೂ, ರೈಲುನಿಲ್ದಾಣವಿದ್ದುದರಿಂದ ಪೇಟೆಗೆ ಹತ್ತಿರವೆನಿಸಿದ ಗಾದಿಗನೂರಿನಂತಹ ಹಳ್ಳಿಯ ಬಾಲಕನೂ ಒಂದೇ ಪುಟದಲ್ಲಿ ಸಾಲಾಗಿ ನಿಲ್ಲಬಹುದಾದ ನಾಡು. ಈ ಕಾಲೇಜುಗಳಿಗೂ ಪೂರ್ವದ ಕಾಲವನ್ನು ಅರಸುವವನು ಇನ್ನೂ ದೂರ ಹೋಗಬೇಕು: ಬಳ್ಳಾರಿಯ ವಾರ್ಡ್ಲಾ ಶಾಲೆಯನ್ನು ನಡೆಸಿದ ಲಂಡನ್ ಮಿಷನ್ನಿನ ಕಾಗದಪತ್ರಗಳು ಇಂದು ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿವೆ.

ಓದುವಾಗ ಮಾತ್ರ ಬಹಳ ಎಚ್ಚರ ಬೇಕು. ಜಾತಿಯ ಅಂಕಣವು ಜನರನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ಆಯಾ ಕಾಲದ ಸರ್ಕಾರ ಜನರನ್ನು ಹೇಗೆ ವಿಂಗಡಿಸಿತೆಂಬುದನ್ನು ವರ್ಣಿಸುತ್ತದೆ. ಅಂದು ಬಳ್ಳಾರಿಯನ್ನೂ ಆಳುತ್ತಿದ್ದ ಮದರಾಸು ಸರ್ಕಾರವು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರತಿ 14 ಸ್ಥಾನಗಳನ್ನು ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ-ಇಂಡಿಯನ್ನರಿಗೆ 1, ಮುಸ್ಲಿಮರಿಗೆ 1 ಎಂದು ಹಂಚಿತ್ತು. 1951ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಲಾಗಿ, ವಿಂಗಡಣೆಯ ಅಧಿಕಾರವೂ ಮದರಾಸಿನಿಂದ ಮೈಸೂರು ಸರ್ಕಾರಕ್ಕೆ ಬಂದಿತು. 1975ರಲ್ಲಿ ಹಿಂದುಳಿದ ವರ್ಗಗಳ ಕುರಿತ ಹಾವನೂರ ಆಯೋಗದ ವರದಿ ಮತ್ತೊಂದು ವರ್ಗೀಕರಣವನ್ನು ಮುಂದಿಟ್ಟಿತು. 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ನಾಯಕ ಸಮುದಾಯದೊಡನೆ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಿದವು. ಈ ಸಮುದಾಯ ವಿಪುಲವಾಗಿರುವ ನಮ್ಮ ಸೀಮೆಯಲ್ಲಿ, ಬರಿಯ ಅಂಕೆಗಳನ್ನು ಕೂಡಿಸುವವನಿಗೆ ಆ ವರ್ಷದ ಬಳಿಕ ಬುಡಕಟ್ಟಿನ ವಿದ್ಯಾರ್ಥಿಗಳು ಒಮ್ಮೆಲೇ ಉಕ್ಕಿಬಂದಂತೆ ಕಂಡೀತು. ವಾಸ್ತವದಲ್ಲಿ ಅದೇ ಮನೆಯ ಅಣ್ಣನು ಹಿಂದಿನ ಪುಸ್ತಕದಲ್ಲಿ ಬೇರೊಂದು ವರ್ಗದಡಿ ಕುಳಿತಿರಬಹುದು. ಆದುದರಿಂದ ಊರು, ಪೋಷಕರ ವೃತ್ತಿ, ಮಾತೃಭಾಷೆ ಇವುಗಳನ್ನೂ ಜಾತಿಯೊಡನೆ ಕೂಡಿಸಿಯೇ ಓದಬೇಕು.

ದಾಖಲಾದವನು ಓದಿ ಮುಗಿಸಿದನೇ ಎಂಬುದನ್ನು ವರ್ಗಾವಣೆ ಪತ್ರದ ಪ್ರತಿಗಳೂ, ವಿದ್ಯಾರ್ಥಿವೇತನದ ಲೆಕ್ಕಗಳೂ, ವಸತಿನಿಲಯದ ಹಾಜರಿಯೂ ಹೇಳುವುವು. ಬಾಗಿಲವರೆಗೂ ಬಾರದವರ ವಿಷಯವನ್ನಾದರೋ ಯಾವ ಪುಸ್ತಕವೂ ಹೇಳದು. ಅದಕ್ಕೆ ಹಳ್ಳಿಯ ವೃದ್ಧರನ್ನೇ ಕೇಳಬೇಕು, ಅದೂ ಬೇಗನೆ.

ವ್ಯಕ್ತಿಯ ಜಾತಿಯನ್ನು ಹೆಸರಿನೊಡನೆ ಪ್ರಕಟಿಸದೆ ಮೊತ್ತಗಳನ್ನು ಮಾತ್ರ ಪ್ರಕಟಿಸುವುದು ಸಂಶೋಧಕನ ಧರ್ಮ. ಆದರೆ ಗೆದ್ದಲಿಗೆ ಈಡಾದ ಪುಸ್ತಕದಿಂದ ಮೊತ್ತವನ್ನೂ ತೆಗೆಯಲಾಗದು. ಕಾಲೇಜಿನ ಆಡಳಿತ ಮಂಡಳಿಗಳು ತಮ್ಮ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ವಾಂಸರನ್ನಾದರೂ ಕರೆದು ತೋರಿಸಬೇಕೆಂದು ನಾನು ಮನಃಪೂರ್ವಕವಾಗಿ ಬೇಡುತ್ತೇನೆ.